ಬರ್ಬರರೆಂದರೆ ಯಾರು?

(ತುಮಕೂರಿನಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರು ಸೇರಿದ್ದ ವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ದಿನದ ಮಾತಿಗೆ "ಬರ್ಬರರೆಂದರೆ ಯಾರು?" ಎಂಬ ಹೆಸರಿಟ್ಟಿರುವುದನ್ನು ಕೇಳಿ, ಹೊರಗೆ ಚಹದ ಅಂಗಡಿಯಲ್ಲಿ ನಿಂತಿದ್ದ ಗೆಳೆಯರೊಬ್ಬರು, "ಅದಕ್ಕೊಂದು ಭಾಷಣ ಬೇಕೆ ಮೇಷ್ಟ್ರೇ? ಹಾಜರಿ ಪುಸ್ತಕದಲ್ಲಿ ನಮ್ಮ ಅರ್ಧ ದಿನದ ಕೂಲಿ ಮುರಿಯುವವರು ಬರ್ಬರರು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಈ ಹೊತ್ತು ನಾನು ಹೇಳಬೇಕೆಂದಿರುವುದು ಬೇರೆ. ಅದರಲ್ಲಿ ನನ್ನ ತಪ್ಪೂ ಒಂದಿದೆ. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಕೊಲೆಯಾದರೆ ಪತ್ರಿಕೆಗಳು "ಬರ್ಬರ ಹತ್ಯೆ" ಎಂದು ಬರೆಯುತ್ತವೆ. ಕ್ರೂರಿ, ಅನಾಗರಿಕ ಎಂಬ ಅರ್ಥದಲ್ಲಿ ನಾವೆಲ್ಲ ಆ ಪದವನ್ನು ಬಳಸುತ್ತೇವೆ. ಅದರ ಮೂಲ ಅರ್ಥ ಅದಲ್ಲ. ಸಂಸ್ಕೃತದಲ್ಲಿ ಬರ್ಬರನೆಂದರೆ ತೊದಲುವವನು, ಮಾತು ತಿಳಿಯದವನು. ಗ್ರೀಕರಲ್ಲಿಯೂ ಇದೇ ಪದವಿತ್ತು. ಗ್ರೀಕ್ ಬಾರದವನ ಮಾತು ಅವರ ಕಿವಿಗೆ "ಬರ ಬರ" ಎಂದು ಕೇಳಿತು, ಅವನು ಬರ್ಬರನಾದನು. ಅಂದರೆ ಕಿವಿಯ ಕೊರತೆಯನ್ನು ಎದುರಿಗಿದ್ದವನ ನಾಲಗೆಗೆ ಹಚ್ಚಿದರು. ನನಗೆ ನಿನ್ನ ಮಾತು ತಿಳಿಯುವುದಿಲ್ಲ, ಆದ್ದರಿಂದ ನೀನು ದಡ್ಡ. ಈ ನ್ಯಾಯ ಇಂದಿಗೂ ನಡೆಯುತ್ತಿದೆ. ನಾನೇ ನಡೆಸಿದ್ದೇನೆ.

ಈ ಪಕ್ಷದ ಕೆಲಸಕ್ಕೆ ಬರುವ ಮೊದಲು ನಾನು ಗುಬ್ಬಿ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆನೆಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಓದಿರುವುದು ಮೆಟ್ರಿಕ್ ಮಾತ್ರ, ಆದರೆ ಕೈಯಲ್ಲಿ ಸೀಮೆಸುಣ್ಣವಿದ್ದರೆ ಎಲ್ಲ ಬಲ್ಲವನೆಂಬ ಭಾವನೆ ತಾನಾಗಿ ಬರುತ್ತದೆ. ಒಂದನೆಯ ತರಗತಿಗೆ ಹತ್ತಿರದ ತಾಂಡಾದಿಂದ ಒಬ್ಬ ಹುಡುಗಿ ಬಂದು ಸೇರಿದಳು, ಲಂಬಾಣಿಗರ ಮಗಳು. ಮೂರು ತಿಂಗಳು ಅವಳು ಬಾಯಿ ಬಿಡಲಿಲ್ಲ. ಲೋಟದ ಚಿತ್ರ ತೋರಿಸಿ "ಇದರಲ್ಲೇನಿದೆ?" ಎಂದರೆ ನೆಲ ನೋಡುತ್ತಿದ್ದಳು. ಒಂದು ಸಲ ಮೆಲ್ಲನೆ "ಪಾಣಿ" ಎಂದಳು. ಹುಡುಗರು ಗೊಳ್ಳೆಂದು ನಕ್ಕರು. "ನೀರು ಅನ್ನು" ಎಂದು ನಾನು ಗದರಿದೆ. ಅಲ್ಲಿಂದ ಮುಂದೆ ಅದೂ ನಿಂತುಹೋಯಿತು. ವರ್ಷದ ಕೊನೆಗೆ ಅವಳ ಹೆಸರಿನ ಮುಂದೆ "ಮಂದಬುದ್ಧಿ" ಎಂದು ನನ್ನ ಕೈಯಾರೆ ಬರೆದೆ.

ಬೇಸಿಗೆಯಲ್ಲಿ ಒಂದು ದಿನ ಗುಬ್ಬಿಯ ಸಂತೆಗೆ ಹೋಗಿದ್ದೆ. ಸೌದೆ ಹೊರೆಗಳ ಪಕ್ಕದಲ್ಲಿ ತಾಯಿಯ ಜೊತೆ ಆ ಹುಡುಗಿ ಕುಳಿತಿದ್ದಳು. ತಾಯಿಗೂ ಮಗಳಿಗೂ ಬಿಡುವಿಲ್ಲದ ಮಾತು. ಯಾವ ಹೊರೆ ಎಷ್ಟಕ್ಕೆ ಹೋಯಿತು, ಚಿಲ್ಲರೆ ಎಷ್ಟು ಉಳಿಯಿತು ಎಂದು ಆ ಮಗು ಬೆರಳು ಮಡಿಸದೆ ಲೆಕ್ಕ ಹೇಳುತ್ತಿತ್ತು. ಮಾತು ನನಗೆ ತಿಳಿಯಲಿಲ್ಲ, ಅವಳು ಎಣಿಸಿದ ಕಾಸು ಮಾತ್ರ ಕಣ್ಣಿಗೆ ಕಾಣುತ್ತಿತ್ತು. ಒಂದು ಕಾಸೂ ತಪ್ಪಲಿಲ್ಲ. ನನ್ನನ್ನು ಕಂಡೊಡನೆ ಮತ್ತೆ ಮೂಕಿಯಾದಳು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವಳು ಬರಲಿಲ್ಲ. ತಾಯಿ ತಂದೆ ಕೂಲಿಗಾಗಿ ಬೆಂಗಳೂರಿನ ಕಡೆ ಹೋದರೆಂದು ತಿಳಿಯಿತು. ಅವಳನ್ನು ಆಮೇಲೆ ನಾನು ನೋಡಿಲ್ಲ.

ಮಿತ್ರರೇ, ಆ ಶಾಲೆಯಲ್ಲಿ ಮಂದಬುದ್ಧಿ ಯಾರಿಗಿತ್ತು? ಅವಳಿಗೆ ಒಂದು ಭಾಷೆ ಚೆನ್ನಾಗಿ ಬರುತ್ತಿತ್ತು. ಅದು ನನಗೆ ಬರುತ್ತಿರಲಿಲ್ಲ. ಆದರೆ ಕಡ್ಡಿ ನನ್ನ ಕೈಯಲ್ಲಿತ್ತು, ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ಇಷ್ಟೇ ವ್ಯತ್ಯಾಸ.

ಈ ಲಂಬಾಣಿಗರು ಯಾರು? ನಮ್ಮ ಅಂಗಡಿ ಬೀದಿಯವರು ಅವರನ್ನು ಸೌದೆ ಮಾರುವವರೆಂದೋ ಗಾರೆ ಕೆಲಸದವರೆಂದೋ ಬಲ್ಲರು. ಆದರೆ ವರ್ತಕ ಮಿತ್ರರೇ, ಅವರು ನಿಮ್ಮ ಕಸುಬಿನ ಹಿರಿಯರು. ರೈಲು ಲಾರಿಗಳಿಲ್ಲದ ಕಾಲದಲ್ಲಿ ದಖ್ಖನಿನ ಉದ್ದಗಲಕ್ಕೂ ಉಪ್ಪು, ದವಸ ಸಾಗಿಸಿದವರು ಅವರು. ಸಾವಿರಾರು ಎತ್ತುಗಳ ಮೇಲೆ ಹೇರು ಹೇರಿ, ಹೆಂಡತಿ ಮಕ್ಕಳ ಸಹಿತ ತಿಂಗಳುಗಟ್ಟಲೆ ನಡೆಯುತ್ತಿದ್ದರು. ಲವಣ ಎಂಬ ಪದದಿಂದಲೇ ಲಂಬಾಣಿ ಎಂಬ ಹೆಸರು ಬಂತೆಂದು ಹೇಳುವುದುಂಟು. ೧೭೯೧-೯೨ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಮೇಲೆ ಬಂದಾಗ ಅದಕ್ಕೆ ಅಕ್ಕಿ ಒದಗಿಸಿದ್ದು ಇವರ ಎತ್ತುಗಳು. ಯುದ್ಧ ದೊರೆಗಳದು, ಹೊರೆ ಇವರದು.

ಆ ಮೇಲೆ ಏನಾಯಿತು? ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ನಾವು ಅದನ್ನು ಊರಿನ ಭಾಗ್ಯವೆಂದು ಹೇಳಿಕೊಳ್ಳುತ್ತೇವೆ, ಅದು ನಿಜವೂ ಹೌದು. ಗುಬ್ಬಿಯ ಪೇಟೆಯ ಅಡಿಕೆ ಕೊಬ್ಬರಿಗೆ ದೂರದ ದಾರಿ ತೆರೆಯಿತು. ಆದರೆ ದೇಶದುದ್ದಕ್ಕೂ ಇಂಥ ಹಳಿಗಳು ಬಿದ್ದಲ್ಲೆಲ್ಲಾ ಹೇರೆತ್ತಿನವನ ಅನ್ನ ಹೋಯಿತು. ಕಸುಬು ಕಳೆದುಕೊಂಡು ಅಲೆಯುವವನನ್ನು ಬ್ರಿಟಿಷ್ ಸರ್ಕಾರ ಅನುಮಾನದಿಂದ ನೋಡಿತು. ೧೮೭೧ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಮಾಡಿ, ಹುಟ್ಟಿನಿಂದಲೇ ಮನುಷ್ಯರನ್ನು ಕಳ್ಳರೆಂದು ಪಟ್ಟಿಗೆ ಸೇರಿಸಿತು. ಹಲವು ಪ್ರಾಂತಗಳಲ್ಲಿ ಲಂಬಾಣಿಗರೂ ಆ ಪಟ್ಟಿಗೆ ಸೇರಿದರು. ಸ್ವಾತಂತ್ರ್ಯ ಬಂದ ಮೇಲೆ ೧೯೫೨ರಲ್ಲಿ ಆ ಕಾಯಿದೆ ರದ್ದಾಯಿತು. ಕಾಯಿದೆ ಹೋಯಿತು, ಕಣ್ಣಿನ ನೋಟ ಹೋಗಲಿಲ್ಲ. ಇಂದು ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ ಗಂಟು ಮೂಟೆ ಕಟ್ಟಿಕೊಂಡು ಹೋಗುವವರಲ್ಲಿ ಅವರು ಎಷ್ಟು ಜನವೆಂಬುದನ್ನು ನಿಮ್ಮಲ್ಲಿ ಕೂಲಿ ಮಾಡುವವರು ಬಲ್ಲಿರಿ.

ಅವರು ತಮ್ಮನ್ನು ತಾವು ಲಂಬಾಣಿ ಎಂದು ಕರೆದುಕೊಳ್ಳುವುದಿಲ್ಲ, "ಗೋರ್" ಎನ್ನುತ್ತಾರೆ. ಅವರ ಮಾತು ಗೋರ್ ಬೋಲಿ. ಲಂಬಾಣಿ, ಲಮಾಣಿ, ಲಂಬಾಡಿ, ಸುಗಾಲಿ, ಬಂಜಾರ, ಇವೆಲ್ಲ ಊರೂರಿನವರು ಇಟ್ಟ ಹೆಸರುಗಳು. ಗೋರ್ ಬೋಲಿ ರಾಜಸ್ಥಾನದ ಮಾತುಗಳ ಬಳಗಕ್ಕೆ ಸೇರಿದ್ದು, ದಕ್ಷಿಣಕ್ಕೆ ಬಂದು ಶತಮಾನಗಳಾದರೂ ತನ್ನತನ ಬಿಟ್ಟಿಲ್ಲ. ತಾಯಿಗೆ ಯಾಡಿ ಎನ್ನುತ್ತಾರೆ, ರೊಟ್ಟಿಗೆ ಬಾಟಿ ಎನ್ನುತ್ತಾರೆ. ಹೋಳಿಯಲ್ಲಿ ಹಾಡುವ ಲೇಂಗಿ ಹಾಡುಗಳುಂಟು, ತೀಜ್ ಹಬ್ಬದ ಹಾಡುಗಳುಂಟು. ಅದಕ್ಕೆ ತನ್ನದೇ ಲಿಪಿಯಿಲ್ಲ. ಕರ್ನಾಟಕದಲ್ಲಿ ಬರೆದರೆ ಕನ್ನಡ ಅಕ್ಷರ, ತೆಲಂಗಾಣದಲ್ಲಿ ತೆಲುಗು ಅಕ್ಷರ, ಮಹಾರಾಷ್ಟ್ರದಲ್ಲಿ ನಾಗರಿ. ಒಂದೇ ಜನ, ಒಂದೇ ಮಾತು, ಆದರೆ ಹೈದರಾಬಾದಿನವನು ಬರೆದದ್ದನ್ನು ಗುಬ್ಬಿಯವನು ಓದಲಾರ. ಸರ್ಕಾರದ ಪಟ್ಟಿಯಲ್ಲೂ ಹೀಗೆಯೇ: ನಮ್ಮಲ್ಲಿ ಪರಿಶಿಷ್ಟ ಜಾತಿ, ಆಂಧ್ರ ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ.

ಇನ್ನು ಎಣಿಕೆಯ ಮಾತು. ೨೦೧೧ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ತಾಯ್ನುಡಿಯೆಂದು ಬರೆಸಿದವರು ಸುಮಾರು ೩೨ ಲಕ್ಷ ೭೬ ಸಾವಿರ. ಬಂಜಾರಿ ಎಂದು ಬರೆಸಿದವರು ಸುಮಾರು ೧೫ ಲಕ್ಷ ೮೧ ಸಾವಿರ. ಎರಡೂ ಕೂಡಿದರೆ ೪೮ ಲಕ್ಷ ದಾಟುತ್ತದೆ. ಅದೇ ಗಣತಿಯಲ್ಲಿ ತುಳು ಆಡುವವರು ಸುಮಾರು ೧೮ ಲಕ್ಷ ೪೬ ಸಾವಿರ. ತುಳುವಿಗೆ ಎರಡೂವರೆಯಷ್ಟು ಜನರಿರುವ ಈ ಭಾಷೆ ಗಣತಿಯ ಭಾಷಾಪಟ್ಟಿಯಲ್ಲಿ ಎಲ್ಲಿದೆಯೆಂದು ಹುಡುಕಿದರೆ ತನ್ನ ಹೆಸರಿನಲ್ಲಿ ಸಿಗುವುದಿಲ್ಲ. ಹಿಂದಿಯ ಕೆಳಗೆ ಒಂದು ಉಪಶೀರ್ಷಿಕೆಯಾಗಿ ಸಿಗುತ್ತದೆ. ಹಿಂದಿಯವರು ೫೨ ಕೋಟಿ ೮೩ ಲಕ್ಷ ಎಂಬ ಲೆಕ್ಕದಲ್ಲಿ ನಮ್ಮ ತಾಂಡಾದ ಅಜ್ಜಿಯೂ ಸೇರಿದ್ದಾಳೆ. ಹಿಂದಿಯಲ್ಲಿ ಒಂದು ವಾಕ್ಯ ಆಡಲು ಬಾರದ ಅಜ್ಜಿ.

ಈಗ ನಿಮ್ಮ ಜೇಬಿನಿಂದ ಒಂದು ನೋಟು ತೆಗೆಯಿರಿ. ಹಿಂಭಾಗದ ಪಟ್ಟಿಯಲ್ಲಿ ೧೫ ಭಾಷೆಗಳಿವೆ. ನಾಲ್ಕನೆಯದು ಕನ್ನಡ. ಅದನ್ನು ಕಂಡು ನಮಗೆ ಹೆಮ್ಮೆ. ಅಲ್ಲಿ ಇಲ್ಲದವನಿಗೆ ಏನನ್ನಿಸಬಹುದೆಂದು ನಾವು ಯೋಚಿಸಿದ್ದೇವೆಯೇ?

ಇಂಥ ಸ್ಥಿತಿ ಲಂಬಾಣಿಗರೊಬ್ಬರದಲ್ಲ. ಇದಕ್ಕಾಗಿಯೇ ಇನ್ನೊಂದು ಜನರ ಕಥೆಯನ್ನು ಇಂದು ಇಲ್ಲಿಗೆ ತಂದಿದ್ದೇನೆ. ಲೋಕವೆಲ್ಲ ಅವರನ್ನು ಕರೆಯುವ ಹೆಸರೇ "ಬರ್ಬರ್". ಆಫ್ರಿಕಾ ಖಂಡದ ಉತ್ತರದಲ್ಲಿ, ಮೊರಾಕೊ ಅಲ್ಜೀರಿಯಗಳ ಬೆಟ್ಟಗಳಲ್ಲಿ, ಸಹಾರಾ ಮರಳುಗಾಡಿನಲ್ಲಿ, ಪೂರ್ವಕ್ಕೆ ಈಜಿಪ್ಟಿನ ಸಿವಾ ಎಂಬ ಓಯಸಿಸಿನವರೆಗೆ ಹರಡಿದ್ದಾರೆ. ಅವರ ನೆಲದ ಸಂಬಂಧ ನಮಗೆ ಇಲ್ಲದಿಲ್ಲ. ನಮ್ಮ ಹೊಲ ತೋಟಗಳಿಗೆ ಹಾಕುವ ಗೊಬ್ಬರದಲ್ಲಿರುವ ರಂಜಕದ ದೊಡ್ಡ ಪಾಲು ಹೊರದೇಶದ ಬಂಡೆಯಿಂದ ಬರುತ್ತದೆ, ಅದನ್ನು ಕಳಿಸುವವರಲ್ಲಿ ಮೊರಾಕೊ ಮುಖ್ಯವಾದದ್ದು. ಅಲ್ಜೀರಿಯ, ಟ್ಯುನೀಷಿಯಗಳು ಖರ್ಜೂರಕ್ಕೆ ಹೆಸರಾದ ದೇಶಗಳೆಂಬುದು ವ್ಯಾಪಾರಿಗಳಿಗೆ ಗೊತ್ತು.

ಅವರು ತಮ್ಮನ್ನು ಬರ್ಬರರೆನ್ನುವುದಿಲ್ಲ. ಒಬ್ಬನಾದರೆ ಅಮಾಝೀಗ್, ಹಲವರಾದರೆ ಇಮಾಝೀಗನ್. ಸ್ವತಂತ್ರ ಮನುಷ್ಯ ಎಂದು ಅದಕ್ಕೆ ಅರ್ಥ ಹೇಳಿಕೊಳ್ಳುತ್ತಾರೆ. ಭಾಷೆ ತಮಾಝೀಗ್ತ್. ಅದು ಒಂದೇ ಮಾತಲ್ಲ, ಮಾತುಗಳ ಒಂದು ಕುಟುಂಬ: ಅಲ್ಜೀರಿಯದ ಬೆಟ್ಟಗಳಲ್ಲಿ ಕಬೈಲಿ, ಮೊರಾಕೊದ ಉತ್ತರದಲ್ಲಿ ರಿಫ್, ದಕ್ಷಿಣದಲ್ಲಿ ತಶೆಲ್ಹಿತ್, ಮರಳುಗಾಡಿನಲ್ಲಿ ತುಆರೆಗ್ ಜನರ ಮಾತು. ಇದು ಅರಬ್ಬಿಯ ಉಪಭಾಷೆಯಲ್ಲ. ಅರಬ್ಬಿ ಆ ನೆಲಕ್ಕೆ ಏಳನೆಯ ಶತಮಾನದಲ್ಲಿ ಬಂತು. ಅದಕ್ಕಿಂತ ಬಹು ಹಿಂದೆ, ಕ್ರಿಸ್ತನಿಗೂ ಮೊದಲೇ, ಅಲ್ಲಿಯ ಜನ ತಮ್ಮ ಲಿಪಿಯಲ್ಲಿ ಕಲ್ಲು ಕೆತ್ತಿದ್ದರು. ಟ್ಯುನೀಷಿಯದ ಡುಗ್ಗಾ ಎಂಬಲ್ಲಿ ಎರಡು ಭಾಷೆಗಳ ಹಳೆಯ ಶಾಸನ ಸಿಕ್ಕಿದೆ. ಆ ಲಿಪಿಯ ವಂಶದ ಅಕ್ಷರಗಳಿಗೆ ತಿಫಿನಾಗ್ ಎಂದು ಹೆಸರು. ಉಳಿದ ಕಡೆ ಮರೆತುಹೋದರೂ ತುಆರೆಗ್ ಜನ, ಅದರಲ್ಲೂ ಹೆಂಗಸರು, ಮಕ್ಕಳಿಗೆ ಮರಳಿನ ಮೇಲೆ ಬರೆದು ಕಲಿಸುತ್ತಾ ಅದನ್ನು ಉಳಿಸಿಕೊಂಡು ಬಂದರು. ಶಾಲೆಯಿಲ್ಲ, ಕಾಗದವಿಲ್ಲ, ಅಕ್ಷರ ಮಾತ್ರ ಉಳಿಯಿತು.

ಈ ತುಆರೆಗ್ ಜನ ಮಾಡುತ್ತಿದ್ದ ಕಸುಬೇನು ಗೊತ್ತೇ? ಉಪ್ಪಿನ ವ್ಯಾಪಾರ! ನೈಜರ್ ದೇಶದ ಬಿಲ್ಮಾ ಎಂಬಲ್ಲಿಂದ ಒಂಟೆಗಳ ಸಾಲಿನ ಮೇಲೆ ಉಪ್ಪು ಹೇರಿಕೊಂಡು ಮರಳುಗಾಡು ದಾಟುತ್ತಿದ್ದರು. ನಮ್ಮ ಗೋರ್ ಜನ ಎತ್ತಿನ ಮೇಲೆ, ಅವರು ಒಂಟೆಯ ಮೇಲೆ. ಇಲ್ಲಿ ರೈಲು ಬಂತು, ಅಲ್ಲಿ ಲಾರಿ ಬಂತು. ಸ್ವಾತಂತ್ರ್ಯ ಬಂದಾಗ ಗಡಿಗಳು ಎದ್ದವು. ಒಂದೇ ಜನ ಮಾಲಿ, ನೈಜರ್, ಅಲ್ಜೀರಿಯ, ಲಿಬಿಯ ಎಂದು ಹಂಚಿಹೋಯಿತು. ಲೋಕದ ಬಡವರ ಚರಿತ್ರೆ ಹೇಗೆ ಒಂದೇ ಅಚ್ಚಿನಲ್ಲಿ ಎರಕವಾಗಿದೆ ನೋಡಿರಿ.

ಈ ಜನರ ಭಾಷೆಯನ್ನು ಆಳುವವರು ಎರಡು ಬಗೆಯಲ್ಲಿ ಬಳಸಿಕೊಂಡರು. ಅದನ್ನು ನಾವು ಚೆನ್ನಾಗಿ ತಿಳಿಯಬೇಕು. ಮೊದಲು ಫ್ರೆಂಚರು. ೧೯೩೦ರ ಮೇ ತಿಂಗಳಲ್ಲಿ ಮೊರಾಕೊದಲ್ಲಿ ಒಂದು ಫರ್ಮಾನು ಹೊರಡಿಸಿ, ಬರ್ಬರರಿಗೆ ಬೇರೆ ಕಾನೂನು, ಉಳಿದವರಿಗೆ ಬೇರೆ ಕಾನೂನು ಎಂದರು. ಅದು ಭಾಷೆಯ ಮೇಲಿನ ಪ್ರೀತಿಯಲ್ಲ, ಬಡವರನ್ನು ಎರಡು ಪಾಲು ಮಾಡುವ ಉಪಾಯ. ಮೊರಾಕೊದ ಜನ ಅದನ್ನು ಅರ್ಥಮಾಡಿಕೊಂಡು ಪ್ರತಿಭಟಿಸಿದರು. ಆಮೇಲೆ ಸ್ವಾತಂತ್ರ್ಯ ಬಂತು, ಮೊರಾಕೊಗೆ ೧೯೫೬ರಲ್ಲಿ, ಅಲ್ಜೀರಿಯಕ್ಕೆ ೧೯೬೨ರಲ್ಲಿ. ಆ ಹೋರಾಟದಲ್ಲಿ ಬೆಟ್ಟದ ಜನ ಧಾರಾಳವಾಗಿ ರಕ್ತ ಸುರಿಸಿದ್ದರು. ಆದರೆ ಹೊಸದಾಗಿ ಗದ್ದುಗೆ ಏರಿದವರು ಹೇಳಿದ್ದೇನು? ದೇಶ ಒಂದು, ಆದ್ದರಿಂದ ಭಾಷೆ ಒಂದು, ಅದು ಅರಬ್ಬಿ. ಪರಕೀಯನು ಒಡೆಯುವುದಕ್ಕೆ ಭಾಷೆಯನ್ನು ಬಳಸಿದ. ಸ್ವಕೀಯನು ಒಗ್ಗಟ್ಟಿನ ಹೆಸರಿನಲ್ಲಿ ಅದೇ ಭಾಷೆಯ ಬಾಯಿ ಮುಚ್ಚಿಸಿದ. ಇಬ್ಬರೂ ಅದನ್ನು ಆಡುವವರ ಅಭಿಪ್ರಾಯ ಕೇಳಲಿಲ್ಲ.

ಹಾಗಾದರೆ ಅದನ್ನು ಕಾಪಾಡಿದವರು ಯಾರು? ದೊಡ್ಡ ಪಂಡಿತರೇ? ಪಂಡಿತರೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನವರು ನಿಮ್ಮಂಥವರು. ಕಬೈಲಿ ಬೆಟ್ಟಗಳಲ್ಲಿ ಹೊಟ್ಟೆಗೆ ಸಾಲದೆ ಗಂಡಸರು ಫ್ರಾನ್ಸಿನ ಕಾರ್ಖಾನೆಗಳಿಗೆ ದುಡಿಯಲು ಹೋದರು. ಸ್ಲಿಮಾನ್ ಆಝೆಮ್ ಎಂಬುವನು ಉಕ್ಕಿನ ಕಾರ್ಖಾನೆಯಲ್ಲೂ ಪ್ಯಾರಿಸಿನ ಸುರಂಗ ರೈಲಿನಲ್ಲೂ ದುಡಿದವನು. ಸಂಜೆ ಕೂಲಿಕಾರರ ಕಾಫಿ ಅಂಗಡಿಗಳಲ್ಲಿ ತಾಯ್ನುಡಿಯಲ್ಲಿ ಊರಿನ ಹಂಬಲದ ಹಾಡು ಹಾಡುತ್ತಿದ್ದ. ಅವನ ಹಾಡುಗಳನ್ನು ಅಲ್ಜೀರಿಯದ ಸರ್ಕಾರಿ ರೇಡಿಯೋ ವರ್ಷಗಟ್ಟಲೆ ಹಾಕಲಿಲ್ಲ. ಜನ ಹಾಡುವುದನ್ನು ಬಿಡಲೂ ಇಲ್ಲ.

೧೯೮೦ನೆಯ ಇಸವಿ ಮಾರ್ಚ್ ೧೦ರಂದು ಅಲ್ಜೀರಿಯದ ತಿಝಿ ಒಝು ಎಂಬ ಊರಿನ ವಿಶ್ವವಿದ್ಯಾನಿಲಯದಲ್ಲಿ ಒಂದು ಭಾಷಣ ನಡೆಯಬೇಕಾಗಿತ್ತು. ಭಾಷಣಕಾರ ಮೌಲೂದ್ ಮಮ್ಮೆರಿ ಎಂಬ ಕಾದಂಬರಿಕಾರ. ವಿಷಯ: ಹಳೆಯ ಕಬೈಲಿ ಕಾವ್ಯ. ಬಾಂಬಿನ ಮೇಲೆ ಭಾಷಣವಲ್ಲ, ದಂಗೆಯ ಮೇಲೆ ಭಾಷಣವಲ್ಲ, ಅಜ್ಜಂದಿರ ಪದ್ಯದ ಮೇಲೆ. ಸರ್ಕಾರ ಅದನ್ನು ನಿಲ್ಲಿಸಿತು. ಮೊದಲು ವಿದ್ಯಾರ್ಥಿಗಳು ಎದ್ದರು. ಅವರ ಜೊತೆಗೆ ಕಾರ್ಖಾನೆಯ ಕಾರ್ಮಿಕರು, ಆಸ್ಪತ್ರೆಯ ನೌಕರರು, ಅಂಗಡಿಯವರು ಸೇರಿದರು. ಏಪ್ರಿಲ್ ೧೬ರಂದು ಸಾರ್ವತ್ರಿಕ ಮುಷ್ಕರವಾಯಿತು. ೨೦ರಂದು ಪೊಲೀಸರು ನುಗ್ಗಿ ಹೊಡೆದರು. ಆ ಏಪ್ರಿಲನ್ನು ಅವರು ಇಂದಿಗೂ ವಸಂತ ಎಂದು ಕರೆಯುತ್ತಾರೆ. ಈ ಹೊತ್ತು ಈ ಮಾಳಿಗೆಯಲ್ಲಿ ನಾನು ನಿರ್ಭಯವಾಗಿ ಭಾಷಣ ಮಾಡುತ್ತಿದ್ದೇನಲ್ಲ, ಇದು ಸಣ್ಣ ಸ್ವಾತಂತ್ರ್ಯವಲ್ಲವೆಂದು ನನಗನ್ನಿಸುವುದು ಆ ಕಥೆಯನ್ನು ನೆನೆದಾಗ.

ಅಲ್ಲಿಗೆ ಮುಗಿಯಲಿಲ್ಲ. ೧೯೯೪ರ ಸೆಪ್ಟೆಂಬರಿನಲ್ಲಿ ಕಬೈಲಿ ಪ್ರದೇಶದ ತಾಯಿ ತಂದೆಯರು, ನಮ್ಮ ಭಾಷೆ ಶಾಲೆಗೆ ಬರುವವರೆಗೆ ನಮ್ಮ ಮಕ್ಕಳೂ ಬರುವುದಿಲ್ಲವೆಂದರು. ಶಾಲೆಯ ಚೀಲ ಗೋಡೆಯ ಗೂಟಕ್ಕೆ ಹೋಯಿತು. ಚೀಲದ ಮುಷ್ಕರವೆಂದೇ ಅದಕ್ಕೆ ಹೆಸರು. ಆ ವರ್ಷವೆಲ್ಲ ಲಕ್ಷಾಂತರ ಮಕ್ಕಳು ತರಗತಿಗೆ ಹೋಗಲಿಲ್ಲ. ಮೇಷ್ಟ್ರಾಗಿದ್ದವನು ನಾನು, ಒಂದು ಮಗುವಿನ ಒಂದು ವರ್ಷ ಹೋದರೆ ಏನಾಗುತ್ತದೆಂದು ಬಲ್ಲೆ. ಬಡವನಿಗೆ ಅದು ಬಹಳ ದೊಡ್ಡ ಬೆಲೆ. ಅವರು ಆ ಬೆಲೆ ಕೊಟ್ಟರು. ೧೯೯೫ರಲ್ಲಿ ಸರ್ಕಾರ ಆ ಭಾಷೆಗಾಗಿ ಒಂದು ಉನ್ನತ ಮಂಡಳಿ ರಚಿಸಿತು, ಪಾಠ ಆರಂಭವಾಯಿತು. ೨೦೦೧ರ ಏಪ್ರಿಲಿನಲ್ಲಿ ಒಬ್ಬ ತರುಣ ಠಾಣೆಯಲ್ಲಿ ಗುಂಡಿಗೆ ಬಲಿಯಾದ ಮೇಲೆ ಮತ್ತೆ ಬೆಂಕಿ ಹತ್ತಿತು. ನೂರಕ್ಕೂ ಹೆಚ್ಚು ಜನ ಸತ್ತರು. ೨೦೦೨ರಲ್ಲಿ ತಮಾಝೀಗ್ತ್ ರಾಷ್ಟ್ರೀಯ ಭಾಷೆಯಾಯಿತು, ೨೦೧೬ರಲ್ಲಿ ಅಧಿಕೃತ ಭಾಷೆಯಾಯಿತು. ಮೊರಾಕೊದಲ್ಲಿ ೨೦೦೧ರಲ್ಲಿ ಒಂದು ಸಂಸ್ಥೆ ಹುಟ್ಟಿತು, ೨೦೦೩ರಲ್ಲಿ ಮರಳಿನ ಮೇಲೆ ಉಳಿದಿದ್ದ ಆ ತಿಫಿನಾಗ್ ಶಾಲೆಯ ಪುಸ್ತಕಕ್ಕೆ ಬಂತು, ೨೦೧೧ರ ಸಂವಿಧಾನದಲ್ಲಿ ಭಾಷೆ ಅಧಿಕೃತವಾಯಿತು.

ಎಲ್ಲ ಸರಿಹೋಯಿತೆಂದು ತಿಳಿಯಬೇಡಿರಿ. ೨೦೧೯ರಲ್ಲಿ ಅಲ್ಜೀರಿಯದ ಬೀದಿಗಳಲ್ಲಿ ಅಮಾಝೀಗ್ ಬಾವುಟ ಹಿಡಿದ ತರುಣರನ್ನು ಸೆರೆಮನೆಗೆ ಹಾಕಿದರು. ಮೊರಾಕೊದ ೨೦೨೪ರ ಜನಗಣತಿ, ಆ ಭಾಷೆ ಆಡುವವರು ನೂರಕ್ಕೆ ಸುಮಾರು ೨೫ ಎಂದು ಹೇಳಿತು. ಅಲ್ಲಿಯ ಸಂಘಟನೆಗಳು ಆ ಎಣಿಕೆಯನ್ನು ಒಪ್ಪುವುದಿಲ್ಲ. ಕಾಯಿದೆಯಲ್ಲಿ ಬಂದದ್ದೆಲ್ಲಾ ಕಚೇರಿಯ ಕಿಟಕಿಗೆ ಬರುವುದಿಲ್ಲ, ಇದು ನಮಗೂ ಗೊತ್ತಿರುವ ವಿಷಯ. ಆದರೂ ಒಂದು ಮಾತು ಸಿದ್ಧವಾಯಿತು. ಯಾವ ಭಾಷೆಯೂ ವ್ಯಾಕರಣವಿಲ್ಲದ್ದರಿಂದ ಕೀಳಾಗುವುದಿಲ್ಲ, ಲಿಪಿಯಿಲ್ಲದ್ದರಿಂದ ಕೀಳಾಗುವುದಿಲ್ಲ. ಅದನ್ನು ಆಡುವವನ ಕೈಯಲ್ಲಿ ಅಧಿಕಾರವಿಲ್ಲದ್ದರಿಂದ ಅದನ್ನು ಕೀಳೆನ್ನುತ್ತಾರೆ.

ಈಗ ಮನೆಗೆ ಬರೋಣ. ನಾವು ಕನ್ನಡಿಗರು ಅನ್ಯಾಯವನ್ನು ಅರಿಯದವರಲ್ಲ. ೧೯೫೬ರವರೆಗೆ ನಾವೂ ಹಲವು ರಾಜ್ಯಗಳಲ್ಲಿ ಹರಿದು ಹಂಚಿಹೋಗಿದ್ದವರೇ. ಇಂದಿಗೂ ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಉಪಾಧ್ಯಾಯರನ್ನು ಹಾಕಿದರೆ, ಮಕ್ಕಳ ಗತಿಯೇನೆಂದು ಕೇಳುತ್ತೇವೆ, ಕೇಳಬೇಕಾದ್ದೇ. ಆದರೆ ಗುಬ್ಬಿಯ ಪಕ್ಕದ ತಾಂಡಾದ ಮಗುವಿನ ಮುಂದೆ ನಾನು ನಿಂತಾಗ, ಆ ಮಗುವಿಗೆ ನಾನೂ ಅಂಥ ಉಪಾಧ್ಯಾಯನೇ ಆಗಿದ್ದೆನಲ್ಲವೇ? ಹಿಂದಿಯ ಕೆಳಗೆ ಲಂಬಾಣಿಯನ್ನು ಸೇರಿಸಿದರೆಂದು ನಾನು ಹೇಳಿದೆ. ಅದೇ ಗಣತಿಯಲ್ಲಿ ನೀಲಗಿರಿಯ ಬಡಗರ ಮಾತನ್ನು ಕನ್ನಡದ ಕೆಳಗೆ ಸೇರಿಸಿದ್ದಾರೆ. ಅದನ್ನು ಕುರಿತು ನಮ್ಮಲ್ಲಿ ಯಾರಾದರೂ ಕೂಗೆಬ್ಬಿಸಿದ್ದು ನಿಮ್ಮ ಕಿವಿಗೆ ಬಿದ್ದಿದೆಯೇ? ನಮ್ಮ ಮೇಲೆ ಬಿದ್ದ ದೊಣ್ಣೆಯ ಪೆಟ್ಟು ನೆನಪಿರುತ್ತದೆ, ನಮ್ಮ ಕೈಯಲ್ಲಿರುವ ದೊಣ್ಣೆ ಕಾಣುವುದಿಲ್ಲ.

ಕಳೆದ ವಾರ ಕುಣಿಗಲ್ಲಿನಲ್ಲಿ ಇದೇ ಮಾತು ಆಡಿದಾಗ ಇಬ್ಬರು ನನ್ನನ್ನು ಪ್ರಶ್ನಿಸಿದರು. ಮೊದಲನೆಯವರು ಒಬ್ಬ ಅಂಗಡಿಯವರು. "ಒಬ್ಬೊಬ್ಬನಿಗೂ ಒಂದೊಂದು ಭಾಷೆ ಎಂದರೆ ರಾಜ್ಯ ನಡೆಯುವುದು ಹೇಗೆ? ಕನ್ನಡ ಉಳಿಯುವುದು ಹೇಗೆ?" ಎಂದರು. ನನ್ನ ಉತ್ತರ: ನಿಮ್ಮ ಅಂಗಡಿಯಲ್ಲಿ ಒಂದು ದಿನಕ್ಕೆ ಎಷ್ಟು ಭಾಷೆ ಆಡುತ್ತೀರೆಂದು ಎಣಿಸಿ ನೋಡಿರಿ. ಕನ್ನಡ, ಉರ್ದು, ಪಾವಗಡದವರು ಬಂದರೆ ತೆಲುಗು, ಸಗಟು ಮಾಲಿನವನ ಜೊತೆ ಹಿಂದಿ. ಅದರಿಂದ ನಿಮ್ಮ ಅಂಗಡಿ ಮುಳುಗಿಲ್ಲ, ನಡೆಯುತ್ತಿರುವುದೇ ಅದರಿಂದ. ಮಗುವಿಗೆ ಮೊದಲು ಅದರ ಮಾತಿನಲ್ಲಿ ಎರಡಕ್ಷರ ಹೇಳಿದರೆ ಕನ್ನಡ ಅದಕ್ಕೆ ಬೇಗ ಬರುತ್ತದೆ. ಗದರಿ ಕಲಿಸಿದ ಕನ್ನಡ ಆ ಹುಡುಗಿಯ ಜೊತೆ ಬೆಂಗಳೂರಿನ ಗಾರೆ ಕೆಲಸಕ್ಕೆ ಹೋಯಿತು. ಅದರಿಂದ ಕನ್ನಡಕ್ಕೆ ಸಿಕ್ಕ ಲಾಭವೇನು?

ಎರಡನೆಯವರು ಸ್ವತಃ ತಾಂಡಾದವರು, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ನಮ್ಮ ಸಂಗಾತಿ. ಅವರ ಪ್ರಶ್ನೆ ಇನ್ನೂ ಕಠಿಣ. "ಮೇಷ್ಟ್ರೇ, ನನ್ನ ಮಗನಿಗೆ ಇಂಗ್ಲಿಷ್ ಬೇಕು. ನಮ್ಮ ಮಾತು ಮನೆಯಲ್ಲೇ ಬರುತ್ತದೆ. ಅದನ್ನು ಶಾಲೆಗೆ ತಂದು ಅವನನ್ನು ತಾಂಡಾದಲ್ಲೇ ಕೂರಿಸಬೇಕೆಂದಿದ್ದೀರಾ?" ಎಂದರು. ಈ ಪ್ರಶ್ನೆಗೆ ನಾನು ಬಹಳ ಹೊತ್ತು ಸುಮ್ಮನಿದ್ದೆ. ಅವರ ಭಯ ಸುಳ್ಳಲ್ಲ. ಬಡವನ ಭಾಷೆಯನ್ನು ಹೊಗಳಿ ಬಡವನನ್ನು ಇದ್ದಲ್ಲೇ ಇರಿಸುವ ಜನ ಉಂಟು. ಅಂಥವರ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿರುತ್ತಾರೆ, ವೇದಿಕೆಗೆ ಬಂದಾಗ ಲಂಬಾಣಿ ಹೆಂಗಸರ ಕನ್ನಡಿ ಹಚ್ಚಿದ ಲಂಗ ನೋಡಿ ಚಪ್ಪಾಳೆ ತಟ್ಟುತ್ತಾರೆ. ನಾನು ಕೇಳುತ್ತಿರುವುದು ಅದಲ್ಲ. ಕನ್ನಡವನ್ನೂ ಕೊಡಿ, ಇಂಗ್ಲಿಷನ್ನೂ ಕೊಡಿ. ಆದರೆ ಮೊದಲ ಮೆಟ್ಟಿಲು ಮಗು ನಿಂತಿರುವ ನೆಲದಿಂದ ಏಳಬೇಕು. ಒರಿಸ್ಸಾದಲ್ಲಿ ೨೦೦೬ರ ಸುಮಾರಿನಿಂದ ಬುಡಕಟ್ಟು ಮಕ್ಕಳಿಗೆ ಹತ್ತು ಭಾಷೆಗಳಲ್ಲಿ ಹೀಗೆ ಪಾಠ ಆರಂಭಿಸಿದರು, ಮನೆಮಾತಿನಿಂದ ಹೊರಟು ಮೆಲ್ಲಗೆ ಒಡಿಯಕ್ಕೆ ಹೋಗುವಂತೆ. ನಮ್ಮ ಸಂವಿಧಾನದಲ್ಲಿಯೂ ೧೯೫೬ರಲ್ಲಿ ಸೇರಿಸಿದ ೩೫೦-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಪಾಠ ತಾಯ್ನುಡಿಯಲ್ಲಿ ಸಿಗುವಂತೆ ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ನಾನು ಕೇಳುತ್ತಿರುವುದು ಹೊಸ ವರವಲ್ಲ, ಹಳೆಯ ಸಾಲ.

ಹಾಗಾದರೆ ನಾವು ಮಾಡಬೇಕಾದ್ದೇನು? ದೊಡ್ಡ ನಿರ್ಣಯ ಬರೆದು ಕಳಿಸಿ ಕೈತೊಳೆಯುವುದು ಬೇಡ. ಮೂರು ಸಣ್ಣ ಕೆಲಸ ಹೇಳುತ್ತೇನೆ.

ಒಂದು, ಎಣಿಕೆ. ಮುಂದಿನ ಜನಗಣತಿಗೆ ಸರ್ಕಾರ ೨೦೨೭ರ ಮಾರ್ಚ್ ೧ನ್ನು ಎಣಿಕೆಯ ದಿನವೆಂದು ಗೊತ್ತುಮಾ­ಡಿದೆ. ಎಣಿಸುವವರು ಬಂದಾಗ ತಾಯ್ನುಡಿಯ ಅಂಕಣದಲ್ಲಿ ಮನೆಯವರು ಹೇಳಿದ್ದನ್ನೇ ಬರೆಯಬೇಕು. ತಾಂಡಾದ ಬಂಧುಗಳು ನಾಚಿಕೆಯಿಂದ "ಕನ್ನಡ" ಎಂದೋ "ಹಿಂದಿ" ಎಂದೋ ಬರೆಸದೆ ತಮ್ಮ ಮಾತಿನ ಹೆಸರನ್ನೇ ಹೇಳಲಿ. ಇದನ್ನು ಮನೆಮನೆಗೆ ಹೋಗಿ ತಿಳಿಸುವುದು ನಮ್ಮ ಕಾರ್ಯಕರ್ತರ ಕೆಲಸ. ತಿಗಳ ಬಂಧುಗಳಿಗೂ, ಉರ್ದು ತೆಲುಗು ಮನೆಗಳಿಗೂ ಇದೇ ಮಾತು.

ಎರಡು, ಶಾಲೆ. ತಾಂಡಾದ ಮಕ್ಕಳು ಬರುವ ಶಾಲೆಯಲ್ಲಿ, ತಾಂಡಾದಲ್ಲೇ ಓದಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಒಂದನೆಯ ತರಗತಿಗೆ ಸಹಾಯಕರಾಗಿ ಇಟ್ಟುಕೊಳ್ಳಬೇಕೆಂದು ಶಾಲಾ ಸಮಿತಿಗಳಲ್ಲಿ ಕೇಳೋಣ. ಪಾಣಿ ಎಂದ ಮಗುವಿಗೆ "ಹೌದು ಮಗು, ಅದನ್ನೇ ಕನ್ನಡದಲ್ಲಿ ನೀರು ಅನ್ನುತ್ತೇವೆ" ಎನ್ನುವ ಒಬ್ಬರು ಸಾಕು. ಒಂದು ವಾಕ್ಯದ ವ್ಯತ್ಯಾಸ, ಒಂದು ಮಗುವಿನ ಬಾಳಿನ ವ್ಯತ್ಯಾಸ.

ಮೂರು, ನಮ್ಮ ಕಿವಿ. ಗಿರಣಿಯಲ್ಲಿ ನಿಮ್ಮ ಪಕ್ಕದಲ್ಲಿ ಮೂಟೆ ಹೊರುವವನ ತಾಯ್ನುಡಿಯ ಹತ್ತು ಮಾತು ನೀವು ಕಲಿಯಿರಿ. ಮುಷ್ಕರದ ಕರಪತ್ರ ಕನ್ನಡದಲ್ಲಿ ಮಾತ್ರ ಹೊರಟರೆ, ಓದಲು ಬಾರದ ತಾಂಡಾದ ಹೆಂಗಸರಿಗೆ ಅದು ತಲುಪುವುದಿಲ್ಲ. ಅವರ ಮಾತಿನಲ್ಲಿ ಒಬ್ಬರು ನಿಂತು ಹೇಳಿದರೆ ಅವರು ನಮ್ಮ ಜೊತೆ ನಿಲ್ಲುತ್ತಾರೆ. ಒಬ್ಬನ ಕೂಲಿ ಮುರಿದರೆ ಎಲ್ಲರೂ ಎದ್ದು ನಿಲ್ಲಬೇಕೆಂಬುದು ನಮ್ಮ ಮೊದಲ ಪಾಠ. ಒಬ್ಬನ ಮಾತು ಮುರಿದರೂ ಹಾಗೆಯೇ.

ಬರ್ಬರರೆಂದರೆ ಯಾರು ಎಂದು ಕೇಳಿದೆ. ಹೊರಗೆ ನಕ್ಕ ಗೆಳೆಯರ ಉತ್ತರವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ನನ್ನ ಉತ್ತರ ಇದು: ಇನ್ನೊಬ್ಬನ ಮಾತು ತನಗೆ ತಿಳಿಯದಿದ್ದಾಗ ಅವನಿಗೆ ಮಾತೇ ಬಾರದೆಂದು ತೀರ್ಪು ಕೊಡುವವನು ಬರ್ಬರ. ಆ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದ ಪದವನ್ನು ನಾನು ಇನ್ನು ಅಳಿಸಲಾರೆ. ಆ ಹುಡುಗಿ ಈಗ ಬೆಳೆದಿರಬೇಕು, ಅವಳಿಗೂ ಮಕ್ಕಳಿರಬಹುದು. ಆ ಮಕ್ಕಳು ಯಾವುದೋ ಶಾಲೆಯ ಬಾಗಿಲಲ್ಲಿ ನಿಂತಿದ್ದರೆ, ಒಳಗಿನಿಂದ ಯಾವ ಮಾತು ಕೇಳಿಬರಬೇಕೆಂಬುದನ್ನು ನಾವು ಗೊತ್ತುಮಾಡಬಹುದು.

ಈಗ ಪ್ರಶ್ನೆ ಕೇಳಿರಿ. ಯಾವ ಭಾಷೆಯಲ್ಲಿ ಕೇಳಿದರೂ ಸರಿ, ತಿಳಿಯದಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.